ಕ್ಲೆಲಿಯಾ ಹಾಕಿದ ದಾರಿ

ಗದ್ದೆಗಳಿಗೆ ನೀರು ಬಿಟ್ಟು ಭತ್ತ ಬಿತ್ತಿ ಮುಗಿದ ಮೇಲೆ ನಮ್ಮೂರಿನ ಬೋಚೆ ಕ್ಲಬ್ಬಿನವರು ಬಸ್ಸು ಮಾಡಿಕೊಂಡು ಪ್ರವಾಸ ಹೊರಡುತ್ತಾರೆ. ವರ್ಷವಿಡೀ ಮಣ್ಣಿನ ಅಂಗಳದಲ್ಲಿ ಚೆಂಡು ಉರುಳಿಸಿ ಜಗಳವಾಡುವ ಜನ, ಆ ಒಂದು ವಾರ ಬಸ್ಸಿನೊಳಗೆ ಕೂತು ಜಗಳವಾಡುತ್ತಾರೆ. ಬಸ್ಸು ನನ್ನದು, ಓಡಿಸುವವನೂ ನಾನೇ. ಎಲ್ಲಿಗೆ, ಯಾವ ಹೊತ್ತಿಗೆ ಎಂದು ದಾರಿ ಹಾಕುವವರು ಮಾತ್ರ ಕ್ಲೆಲಿಯಾ ಎಂಬ ಹೆಂಗಸು.

ಕ್ಲೆಲಿಯಾ ಮೊದಲು ಚಪ್ಪಲಿ ಅಂಗಡಿ ನಡೆಸುತ್ತಿದ್ದರು. ಊರಿನ ಅರ್ಧ ಜನರ ಪಾದಗಳನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆ. ಯಾರು ಎಷ್ಟು ಮೆಟ್ಟಿಲು ಹತ್ತಬಲ್ಲರು, ಯಾರು ಹತ್ತುತ್ತೇನೆಂದು ಹೇಳಿ ಕೆಳಗೇ ಕೂರುತ್ತಾರೆ ಎಂಬುದು ಅವರಿಗೆ ಗೊತ್ತು. ನಾನು ಬೇರೆ ಊರುಗಳ ಸಂಘಗಳನ್ನೂ ಕರೆದೊಯ್ದಿದ್ದೇನೆ. ಅವರ ಪ್ರವಾಸಗಳಲ್ಲಿ ಊಟವಾದ ಕೂಡಲೇ ಇಗರ್ಜಿ ನೋಡಲು ಇಳಿಸುತ್ತಾರೆ, ಜನ ಬೆಂಚಿನ ಮೇಲೆ ತೂಕಡಿಸುತ್ತಾರೆ. ಮಧ್ಯಾಹ್ನ ಬಾಗಿಲು ಹಾಕಿದ ಅಂಗಡಿಗಳ ಮುಂದೆ ತಂದು ನಿಲ್ಲಿಸುತ್ತಾರೆ. ಕ್ಲೆಲಿಯಾ ಅವರ ದಾರಿಯಲ್ಲಿ ಇಂಥದ್ದು ನಡೆದದ್ದನ್ನು ನಾನು ಕಂಡಿಲ್ಲ. ಹತ್ತುವುದೆಲ್ಲ ಬೆಳಿಗ್ಗೆ, ಕೂರುವುದೆಲ್ಲ ಮಧ್ಯಾಹ್ನ, ವೈನ್ ಸಿಗುವ ಜಾಗ ದಿನದ ಕೊನೆಗೆ.

ಒಂದು ವರ್ಷ ಚಳಿಗಾಲದಲ್ಲಿ ಕ್ಲೆಲಿಯಾ ಅವರ ಮನೆಗೆ ನುಂಜಿಯಾತಾ ಬಂದಳು. ನಾನೂ ಅಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ನುಂಜಿಯಾತಾ ನಮ್ಮ ಕ್ಲಬ್ಬಿನ ಗೌದೆಂಜಿಯೋನ ಹೆಂಡತಿ, ದಕ್ಷಿಣದ ಪುಲಿಯಾ ಸೀಮೆಯ ಒಂದು ಗುಡ್ಡದೂರಿನವಳು. ನಮ್ಮಲ್ಲಿಗೆ ಸೊಸೆಯಾಗಿ ಬಂದು ಕೂದಲು ಬೆಳ್ಳಗಾಗಿದೆ. ಈ ಸಲದ ಪ್ರವಾಸ ತನ್ನ ತವರೂರಿಗೆ ಬರಬೇಕು ಎಂದು ಅವಳು ಕೇಳಿದಳು. ಕಾರಣವನ್ನೂ ಹೇಳಿದಳು. ಅವಳ ನಿಶ್ಚಿತಾರ್ಥಕ್ಕೆ ಗೌದೆಂಜಿಯೋನ ತಂದೆ ತಾಯಿ ರೈಲಿನಲ್ಲಿ ಅಲ್ಲಿಗೆ ಹೋಗಿದ್ದರಂತೆ. ಊಟಕ್ಕೆ ಕೂತು, ಮೊದಲು ಬಂದ ಚಿಕ್ಕ ತಟ್ಟೆಗಳನ್ನೆಲ್ಲ ಖಾಲಿ ಮಾಡಿದರಂತೆ. ನಿಜವಾದ ಊಟ ಮೇಜಿಗೆ ಬಂದಾಗ ಇಬ್ಬರೂ ಫೋರ್ಕು ಕೆಳಗಿಟ್ಟು, ಮುಟ್ಟದೆ ಎದ್ದರಂತೆ. ಆ ಸಿಟ್ಟಿಗೆ ಮದುವೆಗೆ ಅವಳ ಕಡೆಯ ಒಬ್ಬರೂ ಉತ್ತರದ ನಮ್ಮೂರಿಗೆ ಬರಲಿಲ್ಲ. ದೊಡ್ಡವರೆಲ್ಲ ತೀರಿಕೊಂಡರು. ಅಕ್ಕ ರಾಕೇಲೆ ಮಾತ್ರ ಆ ಊಟವನ್ನು ಮರೆತಿಲ್ಲ.

"ಪ್ರತಿ ಬೇಸಿಗೇಲೂ ಹೋಗ್ತೀನಿ. ಪ್ರತಿ ಸಲಾನೂ ಅದೇ ಮಾತು, ನಿನ್ನ ಗಂಡನ ಕಡೆಯವರಿಗೆ ನಮ್ಮನೆ ಊಟ ಸೇರಲ್ಲ ಅಂತ," ಎಂದಳು ನುಂಜಿಯಾತಾ. "ಅಕ್ಕನಿಗೂ ವಯಸ್ಸಾಯ್ತು. ಒಂದೇ ಒಂದ್ಸಲ ಈ ಊರ ಜನ ಅವಳ ಮೇಜಲ್ಲಿ ಕೂತು ಉಂಡಿದ್ದನ್ನ ಅವಳು ನೋಡ್ಬೇಕು."

ಕ್ಲೆಲಿಯಾ ಇನ್ನೊಂದು ಕಾಫಿ ಇಟ್ಟರು.

ಕ್ಲಬ್ಬಿನ ಅಧ್ಯಕ್ಷ ಸೆವೆರಿನೋಗೆ ಈ ಸುದ್ದಿ ಹೇಗೋ ಮುಟ್ಟಿತು. ನಮ್ಮ ಸರೋವರಗಳೇನು ಬತ್ತಿಹೋಗಿವೆಯೇ, ಅಷ್ಟು ದೂರ ಯಾಕೆ ಸಾಯಬೇಕು ಎಂದು ಬಾರಿನಲ್ಲಿ ನಿಂತು ಕೂಗಾಡಿದ. ಕ್ಲೆಲಿಯಾ ಎಂದಿನಂತೆ ಮನೆ ಮನೆಗೆ ಹೋದರು.

ಎಲ್ಲಿಗೆ ಹೋಗೋಣ ಎಂದು ಅವರು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಪ್ರತಿಯೊಬ್ಬರೂ ಒಂದೊಂದು ಊರು ಹೇಳುತ್ತಾರೆ, ಆಮೇಲೆ ಅದೇ ಬೇಕೆಂದು ಹಟ ಹಿಡಿಯುತ್ತಾರೆ. ಎಲ್ಲಿಗೆ ಬೇಡ ಎಂದು ಕೇಳುತ್ತಾರೆ. ಜನಕ್ಕೆ ತಮಗೇನು ಬೇಡ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಲಿಗೂರಿಯಾ ಬೇಡ, ಅಲ್ಲಿ ಬಸ್ಸು ನಿಲ್ಲಿಸಲು ಜಾಗವಿಲ್ಲ. ತೊಸ್ಕಾನಾ ಬೇಡ, ಅವರ ಬ್ರೆಡ್ಡಿಗೆ ಉಪ್ಪಿಲ್ಲ. ವೆನೆತೋ ಬೇಡ, ಹೋದ ಸಲ ಮಳೆಯಲ್ಲಿ ತೊಯ್ದದ್ದು ಸಾಕು. ಸರೋವರಗಳು ಬೇಡ, ಅಲ್ಲೆಲ್ಲ ಜರ್ಮನರೇ ತುಂಬಿದ್ದಾರೆ. ಹೀಗೆ ಅವರವರೇ ಒಂದೊಂದಾಗಿ ಅಳಿಸುತ್ತ ಹೋದಾಗ ಕೊನೆಗೆ ಉಳಿದದ್ದು ಪೂರ್ವದ ಕರಾವಳಿ, ಮೇಲಿಂದ ಕೆಳಗಿನವರೆಗೆ.

ಆ ಕರಾವಳಿಯ ಉದ್ದಕ್ಕೂ ಅವರು ಒಬ್ಬೊಬ್ಬರಿಗೂ ಒಂದೊಂದು ಆಸೆ ಇಟ್ಟರು. ಕುಣಿಯುವ ಹುಚ್ಚಿನವರಿಗೆ ರೊಮಾನ್ಯಾದಲ್ಲಿ ಒಂದು ಸಂಜೆ. ಭಕ್ತಿವಂತರಿಗೆ ಮಾರ್ಕೆಯಲ್ಲಿ ಲೊರೆತೋ ಮಾತೆಯ ದರ್ಶನ, ಉಳಿದವರಿಗೆ ಅಲ್ಲೇ ಹತ್ತಿರ ಶೂ ಕಾರ್ಖಾನೆಗಳ ಅಂಗಡಿ. ಅಬ್ರುಜೋದಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಕುರಿಮಾಂಸ. ಅಷ್ಟು ದೂರ ಬಂದ ಮೇಲೆ ಪುಲಿಯಾದ ಗುಡ್ಡ ಕಣ್ಣೆದುರೇ ಇರುತ್ತದೆ, ಹತ್ತದೆ ತಿರುಗುವವರು ಯಾರು? ವಾಪಸು ಬರುವಾಗ ಉಂಬ್ರಿಯಾ ದಾರಿಯಾಗಿ. ನಕ್ಷೆಯ ಮೇಲೆ ಅವರ ಬೆರಳು ಇಳಿಯುವುದನ್ನು ನೋಡುತ್ತ ಕೂತಿದ್ದ ನನಗೆ, ನಾನು ಇಷ್ಟು ವರ್ಷ ಓಡಿಸಿದ ರಸ್ತೆಗಳೇ ಹೊಸದಾಗಿ ಕಂಡವು.

ಹೊರಡುವ ಮೊದಲು ಇಡೀ ದಾರಿಯನ್ನು ಒಮ್ಮೆ ನೋಡಿ ಬರುವುದು ಅವರ ಪದ್ಧತಿ. ಮಾರ್ಚ್ ತಿಂಗಳಲ್ಲಿ ಇಬ್ಬರೂ ನನ್ನ ಕಾರಿನಲ್ಲಿ ಹೋದೆವು. ನಾನು ತಿರುವುಗಳನ್ನೂ ಸೇತುವೆಗಳನ್ನೂ ನೋಡಿದೆ, ಅವರು ಹೋಟೆಲಿನ ಹಾಸಿಗೆ ಒತ್ತಿ, ಶೌಚಾಲಯದ ಬಾಗಿಲು ತೆರೆದು ನೋಡಿದರು. ಕೊನೆಗೆ ರಾಕೇಲೆಯ ಮನೆಗೆ ಹೋದೆವು.

ಗತ್ತಿನ ಹೆಂಗಸು ಆಕೆ. ನಗದೆಯೇ ಬರಮಾಡಿಕೊಂಡಳು, ಮೇಜಿನ ತುಂಬ ಚಿಕ್ಕ ತಟ್ಟೆಗಳನ್ನಿಟ್ಟಳು. ಎಣ್ಣೆಯಲ್ಲಿಟ್ಟ ಬದನೆ, ತಾಜಾ ಚೀಸ್, ಸುಟ್ಟ ಮೆಣಸಿನಕಾಯಿ, ಬೇಯಿಸಿದ ಬೀನ್ಸ್, ಇನ್ನೂ ಏನೇನೋ. ನಮ್ಮೂರಿನಲ್ಲಿ ತಟ್ಟೆಯಲ್ಲಿ ಬಿಟ್ಟರೆ ಮನೆಯವರಿಗೆ ಅವಮಾನ. ಆದ್ದರಿಂದ ಇಬ್ಬರೂ ಬ್ರೆಡ್ಡಿನಿಂದ ಒರೆಸಿ ತಿಂದೆವು. ರಾಕೇಲೆ ಖಾಲಿ ತಟ್ಟೆ ನೋಡಿದಳು, ಮತ್ತೆ ತುಂಬಿದಳು. ನಾವು ಮತ್ತೆ ಖಾಲಿ ಮಾಡಿದೆವು. ಅವಳು ಮತ್ತೆ ತುಂಬಿದಳು. ಪಾಸ್ತಾ ಬರುವ ಹೊತ್ತಿಗೆ ನನಗೆ ಉಸಿರಾಡಲೂ ಜಾಗವಿರಲಿಲ್ಲ. ಕ್ಲೆಲಿಯಾ ಅದನ್ನು ಹೇಗೆ ಮುಗಿಸಿದರೋ ದೇವರಿಗೇ ಗೊತ್ತು. ನನ್ನ ತಟ್ಟೆಯಿಂದಲೂ ಅರ್ಧ ಎಳೆದುಕೊಂಡರು.

ಕಾರು ಸಮುದ್ರದ ದಾರಿಗೆ ಬಂದಾಗ ಕ್ಲೆಲಿಯಾ ನನ್ನ ಕಡೆ ತಿರುಗಿದರು.

"ಅರ್ಥ ಆಯ್ತೇನೋ ಎರ್ಮೆಸ್?" ಎಂದರು. "ನಮಗೆ ಖಾಲಿ ತಟ್ಟೆ ಅಂದ್ರೆ ಮರ್ಯಾದೆ. ಅವಳಿಗೆ ಖಾಲಿ ತಟ್ಟೆ ಅಂದ್ರೆ ಇನ್ನೂ ಹಸಿವು. ಪಾಪ, ಗೌದೆಂಜಿಯೋನ ಅಪ್ಪ ಅಮ್ಮ ಹೊಟ್ಟೆ ಬಿರಿಯೋವರ್ಗೂ ಮರ್ಯಾದೆ ಮಾಡಿದಾರೆ."

"ಹಾಗಾದ್ರೆ ನಮ್ಮವರಿಗೆ ಮೊದಲೇ ಹೇಳಿಬಿಡಿ, ತಟ್ಟೇಲಿ ಸ್ವಲ್ಪ ಬಿಡಿ ಅಂತ."

"ಸೆವೆರಿನೋಗಾ? ಬಿಡು ಅಂದ್ರೆ ತಟ್ಟೆ ಸಮೇತ ತಿಂತಾನೆ."

ರಾಕೇಲೆಗೆ ಕಡಿಮೆ ಬಡಿಸು ಎಂದು ಹೇಳುವಂತೆಯೂ ಇರಲಿಲ್ಲ, ಅದು ಹಳೆಯ ಗಾಯಕ್ಕೆ ಉಪ್ಪು ಸವರಿದಂತೆ. ಇಡೀ ಬಸ್ಸಿನ ಜನ ಆ ಅಂಗಳದಲ್ಲಿ ಸಾಲಾಗಿ ಫೋರ್ಕು ಕೆಳಗಿಡುವುದನ್ನೂ, ನುಂಜಿಯಾತಾಳ ಮುಖವನ್ನೂ ಯೋಚಿಸಿ ನನಗೆ ಆ ಪುಲಿಯಾ ದಿನವನ್ನೇ ಬಿಡುವುದು ಮೇಲು ಎನಿಸಿತು. ಹಾಗೆಂದೆ. ಕ್ಲೆಲಿಯಾ ಕಿಟಕಿಯಾಚೆ ನೋಡುತ್ತಿದ್ದರು.

ಊರಿಗೆ ಬಂದ ಮೇಲೆ ಅವರು ಸೆವೆರಿನೋನನ್ನು ಕಂಡು, ಬೇಸರದಿಂದ ಎಂಬಂತೆ, ಆ ದಕ್ಷಿಣದವರಿಗೆ ಅಕ್ಕಿ ಬೇಯಿಸಲು ಬರುವುದಿಲ್ಲವಂತೆ ಎಂದರು. ಅಷ್ಟು ಸಾಕಾಯಿತು. ಕ್ಲಬ್ಬಿನ ಹಬ್ಬಗಳಲ್ಲಿ ಪಾನಿಸ್ಸಾ ಬೇಯಿಸುವವನು ಸೆವೆರಿನೋನೇ. ಅಕ್ಕಿ, ಬೀನ್ಸ್, ಹಂದಿಕೊಬ್ಬು, ಕೆಂಪು ವೈನ್ ಹಾಕಿ ಕುದಿಸುವ ಆ ಗಟ್ಟಿ ಅನ್ನದ ವಿಷಯ ಬಂದರೆ ಅವನು ಬೇರೆಯೇ ಮನುಷ್ಯ. ದೊಡ್ಡ ತಾಮ್ರದ ಕಡಾಯಿಯನ್ನು ಬಸ್ಸಿನಲ್ಲಿ ಹಾಕಿಕೊಂಡು ಹೋಗಿ ಅವರ ಅಂಗಳದಲ್ಲೇ ಮಾಡಿ ತೋರಿಸುತ್ತೇನೆ ಎಂದು ಅವನೇ ಹೊರಟ. ಪುಲಿಯಾಕ್ಕೆ ಹೋಗಲೇಬೇಕು ಎಂದು ಮನೆ ಮನೆಗೆ ಹೇಳಿದವನೂ ಅವನೇ. ನಮ್ಮ ಗಂಡಸರು ಕಡಾಯಿ ಇಲ್ಲದೆ ಎಲ್ಲಿಗೂ ಬರುವುದಿಲ್ಲ, ಒಂದು ಮೂಲೆ ಕೊಡಿ ಸಾಕು ಎಂದು ಕ್ಲೆಲಿಯಾ ರಾಕೇಲೆಗೆ ಫೋನ್ ಮಾಡಿದರು. ಮೂಲೆ ಕೊಟ್ಟಳು, ಬಿಗುವಾಗಿಯೇ.

ಪುಲಿಯಾ ದಿನ ಬಂದಾಗ ಬಸ್ಸು ಗುಡ್ಡದ ಬುಡದಲ್ಲೇ ನಿಂತಿತು, ಎಲ್ಲರೂ ನಡೆದು ಹತ್ತಿದರು. ಅಂಗಳದಲ್ಲಿ ಉದ್ದನೆಯ ಮೇಜು, ಅದರ ತುಂಬ ರಾಕೇಲೆಯ ತಟ್ಟೆಗಳು. ಗಂಡಸರು ಕಡಾಯಿಯ ಸುತ್ತ ನಿಂತು ತಿರುವುತ್ತ, ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತ, ಒಂದೊಂದು ತುತ್ತು ಬಾಯಿಗೆ ಹಾಕಿಕೊಂಡರು. ಮೇಜಿಗೆ ಕೂತ ಹೆಂಗಸರು ಹೊಗಳಿ ಹೊಗಳಿ ತಿಂದರು, ಆದರೆ ಹೊಟ್ಟೆಯಲ್ಲಿ ಜಾಗ ಬಿಟ್ಟುಕೊಂಡೇ ತಿಂದರು. ಗಂಡ ಬೇಯಿಸಿದ ಪಾನಿಸ್ಸಾ ತಟ್ಟೆಯಲ್ಲಿ ಉಳಿಸಿದರೆ ಊರಿಗೆ ಹಿಂತಿರುಗುವವರೆಗೂ ಅವನ ಗೊಣಗಾಟ ಕೇಳಬೇಕಾಗುತ್ತದಲ್ಲ. ಎಲ್ಲರ ತಟ್ಟೆಯಲ್ಲೂ ಚೂರು ಚೂರು ಮಿಕ್ಕಿತು. ರಾಕೇಲೆ ಅದನ್ನು ನೋಡಿ, ಇವರಿಗೆ ತೃಪ್ತಿಯಾಗಿದೆ ಎಂದುಕೊಂಡು ಮೊದಲ ಬಾರಿಗೆ ಕೂತಳು. ಅವಳ ಪಾಸ್ತಾ ಬಂದಾಗ ಎಲ್ಲರೂ ತಿಂದರು, ಸೆವೆರಿನೋ ಕೂಡ, ನಿಂತುಕೊಂಡೇ. ನುಂಜಿಯಾತಾ ಏನೂ ತಿನ್ನದೆ ಬರೀ ಅಕ್ಕನ ಮುಖ ನೋಡುತ್ತಿದ್ದಳು.

ಆಮೇಲೆ ಸೆವೆರಿನೋ ಸೌಟು ಹಿಡಿದು ಬಂದ. ಮನೆಯೊಡತಿಗೆ ಮೊದಲು ಎಂದು ರಾಕೇಲೆಯ ತಟ್ಟೆಗೆ ಬೆಟ್ಟದಷ್ಟು ಬಡಿಸಿ, ಪಕ್ಕದಲ್ಲೇ ನಿಂತ. ಬೆಳಗಿನಿಂದ ರುಚಿ ನೋಡುತ್ತ, ಅತಿಥಿಗಳ ಜೊತೆ ತಿನ್ನುತ್ತ ಇದ್ದವಳು ಅವಳು. ಒಂದು ತುತ್ತು ತಿಂದಳು, ಎರಡನೆಯದನ್ನು ನುಂಗಲು ನೀರು ಕುಡಿದಳು. ಫೋರ್ಕು ಕೆಳಗಿಟ್ಟಳು.

ಸೆವೆರಿನೋನ ಮುಖ ಇಳಿದುಹೋಯಿತು. ಅವನು ತಿರುಗಿ ಹೋಗುವುದರಲ್ಲಿದ್ದ, ನುಂಜಿಯಾತಾ ಅವನ ತೋಳು ಹಿಡಿದು ನಿಲ್ಲಿಸಿದಳು.

"ಅಕ್ಕಾ, ಊಟ ಸೇರಲಿಲ್ವಾ?" ಎಂದಳು ಮೆಲ್ಲಗೆ.

"ಸೇರದೆ ಏನೇ? ಹೊಟ್ಟೇಲಿ ಜಾಗ ಇಲ್ಲ ಕಣೇ. ಸತ್ತೇ ಹೋಗ್ತೀನಿ."

"ನಮ್ಮತ್ತೆಗೂ ಅವತ್ತು ಹಾಗೇ ಆಗಿದ್ದು."

ರಾಕೇಲೆ ತಂಗಿಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು.

"ಅಷ್ಟೂ ತಟ್ಟೆ ಖಾಲಿ ಮಾಡಿದ್ರಲ್ಲೇ ಅವರು. ಹಸಿದಿದಾರೆ ಅಂತ ನಾನೇ ಮೂರು ಮೂರು ಸಲ ಬಡಿಸಿದೆ," ಎಂದಳು. "ನೀನಾದ್ರೂ ಹೇಳಬಾರ್ದಿತ್ತಾ?"

"ಹೊಟ್ಟೆ ತುಂಬಿತ್ತು ಅಂತ ಪ್ರತಿ ವರ್ಷ ಹೇಳಿದೀನಿ. ನೆಪ ಹೇಳ್ತೀಯಾ ಅಂತಿದ್ದೆ ನೀನು."

ಗೌದೆಂಜಿಯೋ ಬಾಯಿ ಹಾಕಿ, ಅವತ್ತು ರೈಲಿನಲ್ಲಿ ತನ್ನ ತಾಯಿ ಬೊಲೋನ್ಯಾದವರೆಗೂ ಲಂಗದ ಗುಂಡಿ ಬಿಚ್ಚಿಕೊಂಡೇ ಕೂತಿದ್ದಳೆಂದು ಹೇಳಿದ. ರಾಕೇಲೆಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಮೇಜಿನ ಬಟ್ಟೆಯ ಅಂಚಿನಿಂದಲೇ ಕಣ್ಣೊರೆಸಿಕೊಂಡಳು. ಸೆವೆರಿನೋನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ತಟ್ಟೆಯನ್ನು ಅವನ ಮುಂದೆ ತಳ್ಳಿದಳು.

ನಾನು ಗಡಿಯಾರ ನೋಡಿದೆ. ಮುಂದಿನ ಊರಿನ ಕೋಟೆ ಸಂಜೆಗೆ ಮುಚ್ಚುತ್ತದೆ. ಕ್ಲೆಲಿಯಾ ಅವರ ಬಳಿ ಹೋಗಿ, ಎಲ್ಲರನ್ನೂ ಎಬ್ಬಿಸಲೇ ಎಂದು ಕೇಳಿದೆ. ದಾರಿ ಹಾಕಿದ ಮೇಲೆ ಒಂದು ಗಂಟೆಯನ್ನೂ ಆಚೀಚೆ ಮಾಡುವವರಲ್ಲ ಅವರು. ಮರದ ನೆರಳಿನಲ್ಲಿ ಶೂ ಬಿಚ್ಚಿ ಕಾಲು ಚಾಚಿಕೊಂಡಿದ್ದರು.

"ಕೋಟೆ ಬೇಡ ಬಿಡು," ಎಂದರು. "ನೀನೂ ಹೋಗಿ ಕೂತ್ಕೋ."