ಕಪಾಟು ನೋಡಲು ಹೋದವಳು

ಹುಡುಗನ ಮನೆ ನೋಡಲು ಹುಡುಗಿಯೇ ಹೊರಟರೆ ಕುಲಗೋಡದವರು ಸುಮ್ಮನೆ ಬಿಟ್ಟಾರೆಯೇ? ಮನೆ ನೋಡುವುದು ಹಿರಿಯರ ಕೆಲಸ. ಕಾಕಾ, ಮಾವ, ಓಣಿಯ ನಾಲ್ಕು ಮಂದಿ ಗಾಡಿ ಮಾಡಿಕೊಂಡು ಹೋಗಬೇಕು. ಹೊಲ ಎಷ್ಟು, ನೀರು ಎಷ್ಟು, ಎಮ್ಮೆ ಹಿಂಡುತ್ತದೋ ಇಲ್ಲವೋ ಎಲ್ಲ ವಿಚಾರಿಸಬೇಕು. ಹೊಟ್ಟೆ ತುಂಬ ಉಂಡು ಬರಬೇಕು. ಹುಡುಗಿ ಮನೆಯಲ್ಲಿ ಕೂತು ಅವರು ತಂದ ಸುದ್ದಿಗೆ ತಲೆ ಆಡಿಸಬೇಕು. ದಾಕ್ಷಾಯಿಣಿ ತಲೆ ಆಡಿಸುವ ಪೈಕಿಯಲ್ಲ. ಬೆಳಗಿನ ಏಳರ ಬಸ್ಸಿನಲ್ಲಿ ದುಂಡಪ್ಪ ಕಾಕಾನ ಪಕ್ಕ ಕಿಟಕಿ ಹಿಡಿದು ಕೂತಿದ್ದಳು. ಹಿಂದಿನ ಸೀಟಿನ ಸೀತವ್ವ ಎಲ್ಲಿಗೆ ಸವಾರಿ ಎಂದು ಕೇಳಿದಾಗ, "ಹುಕ್ಕೇರಿಗೆ, ಹುಡುಗನ ಕಪಾಟ ನೋಡಾಕ" ಎಂದು ನೇರವಾಗಿ ಹೇಳಿಯೇಬಿಟ್ಟಳು. ಸೀತವ್ವ ಗೋಕಾಕ ಬರುವ ತನಕ ಪಕ್ಕದವಳ ಕಿವಿಯಲ್ಲಿ ಅದನ್ನೇ ಊದುತ್ತಿದ್ದಳು.

ಕಪಾಟೆಂದರೆ ಪುಸ್ತಕದ ಕಪಾಟು. ದಾಕ್ಷಾಯಿಣಿ ಮೂಡಲಗಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ರಕ್ತ ನೋಡಿದರೆ ಸಕ್ಕರೆ ಎಷ್ಟೆಂದು ಗೊತ್ತಾಗುತ್ತದೆ, ಮನುಷ್ಯ ಎಂಥವನೆಂದು ಗೊತ್ತಾಗಬೇಕಾದರೆ ಅವನ ಮನೆಯ ಪುಸ್ತಕ ನೋಡಬೇಕು ಎಂಬುದು ಅವಳ ವಾದ. ಯಾರ ಮನೆಗೆ ಹೋದರೂ ಕೊಟ್ಟ ನೀರು ಕುಡಿಯುವ ಮೊದಲು ಪುಸ್ತಕ ಎಲ್ಲಿವೆ ಎಂದು ಕಣ್ಣು ಹಾಯಿಸುವಳು. ಮೇಲವಂಕಿಯ ಒಬ್ಬ ಮಾಸ್ತರರ ಮನೆಯಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸಿ ಜೋಡಿಸಿದ ಪುಸ್ತಕಗಳಿದ್ದವು. ಒಂದನ್ನು ಬಿಡಿಸಿದರೆ ಹಾಳೆಗೆ ಹಾಳೆ ಅಂಟಿಕೊಂಡೇ ಇತ್ತು. ಬೇರೊಬ್ಬರ ಮನೆಯಲ್ಲಿ ಹತ್ತು ದಿನದಲ್ಲಿ ಸಾಹುಕಾರನಾಗುವುದು ಹೇಗೆ ಎಂಬಂಥವೇ ಎಲ್ಲ, ಒಂದರಲ್ಲಿಯೂ ಹತ್ತನೆಯ ಹಾಳೆ ಮಾಸಿರಲಿಲ್ಲ. ಹೋದ ವರ್ಷ ಮಮದಾಪುರದ ಒಂದು ಒಳ್ಳೆಯ ಸಂಬಂಧವನ್ನು ಅವಳು ಬಿಟ್ಟದ್ದೂ ಇದೇ ಕಾರಣಕ್ಕೆ. ಆ ಮನೆಯ ಗಾಜಿನ ಕಪಾಟಿನ ಕೀಲಿ ಕಳೆದು ಆರು ವರ್ಷವಾಗಿತ್ತಂತೆ. "ಆರು ವರ್ಷ ಕೀಲಿ ಹುಡುಕದಾಂವಾ ನನ್ನ ಮನಸ್ಸಿನ್ಯಾಗ ಏನೈತೆಂತ ಹುಡುಕ್ಯಾನೇನು ಕಾಕಾ?" ಎಂದಿದ್ದಳು.

ಆ ಸಲ ಮನೆ ನೋಡಲು ಹೋದ ಕಾಕಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದಿದ್ದ. ಎತ್ತಿನ ಫೋಟೋ ಹನ್ನೆರಡು, ಕಪಾಟಿನದು ಒಂದು, ಅದರಲ್ಲಿ ಅರ್ಧ ಅವನದೇ ಹೆಬ್ಬೆಟ್ಟು. ಆದ್ದರಿಂದಲೇ ಈ ಸಲ ದಾಕ್ಷಾಯಿಣಿ ತಾನೇ ಎದ್ದು ಹೊರಟದ್ದು.

ಹುಕ್ಕೇರಿಯ ಹುಡುಗ ಸೋಮಶೇಖರ ಹದಿನೈದು ದಿನದ ಹಿಂದೆ ಬಂದು ಅವಳನ್ನು ನೋಡಿ ಹೋಗಿದ್ದ. ಒಟ್ಟು ಐದು ಮಾತು ಆಡಿದ್ದ, ಒಪ್ಪಿಗೆ ಎಂದು ಹೇಳಿ ಕಳಿಸಿದ್ದ. ಕೆಟ್ಟು ನಿಂತ ನೀರಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು. ಅಷ್ಟೇ ಆಗಿದ್ದರೆ ದಾಕ್ಷಾಯಿಣಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಸಂಬಂಧ ತಂದ ಖಂಡೆಪ್ಪ, "ಹುಡುಗಗ ಓದೂ ಹುಚ್ಚ ಐತೆವ್ವಾ, ಮನ್ಯಾಗ ಕಪಾಟ ತುಂಬ ಬುಕ್ಕ" ಎಂದುಬಿಟ್ಟಿದ್ದ. ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಕಾಕಾ ಕಡ್ಡಿ ಮುರಿದಂತೆ ಹೇಳಿದ. "ನೋಡ ದಾಕ್ಷಾ, ಇವತ್ತ ಸಂಜಿ ಬಸ್ ಹತ್ತೂದ್ರೊಳಗ ಹೌದೋ ಇಲ್ಲೋ ಹೇಳಿಬಿಡಬೇಕು. ಅವರಿಗೆ ಬ್ಯಾರೆ ಕಡೆಯಿಂದನೂ ಕೇಳಾಕತ್ತಾರ. ಮನಿಗೆ ಹೋಗಿ ವಿಚಾರ ಮಾಡ್ತೇನಿ ಅಂದ್ರ ಈ ಸಂಬಂಧ ಹೋದಂಗ."

"ಕಪಾಟ ನೋಡಿದ ಕೂಡ್ಲೆ ಹೇಳ್ತೇನಿ" ಎಂದಳು.

ಮನೆಯ ಮುಂದಿನ ಭಾಗವೇ ಅಂಗಡಿ. ತಾಮ್ರದ ತಂತಿಯ ಸುರುಳಿಗಳ ನಡುವೆ ಸೋಮಶೇಖರ ಎದ್ದು ನಿಂತು, ಎಣ್ಣೆಯ ಕೈಯಲ್ಲೇ ನಮಸ್ಕಾರ ಮಾಡಿದ. ಕಾಕಾ ಅಲ್ಲೇ ಒಂದು ಮೋಟಾರಿನ ಮುಂದೆ ಕೂತು ತನ್ನ ಹೊಲದ ಬೋರಿನ ಕಥೆ ಶುರು ಮಾಡಿದ. ಹುಡುಗನ ತಾಯಿ ಸಾವಂತ್ರೆವ್ವ ದಾಕ್ಷಾಯಿಣಿಯನ್ನು ಕೈ ಹಿಡಿದು ನಡುಮನೆಗೆ ಕರೆದೊಯ್ದಳು. "ಕುಂಡ್ರು ನನ್ನವ್ವಾ, ರೊಟ್ಟಿ ಎರಡ ಉಳದಾವ, ಬಡದ ಬಂದ್ನಿ" ಎಂದು ಒಳಗೆ ಹೋದಳು.

ಕಪಾಟು ಎದುರಿಗೇ ಇತ್ತು. ಕೀಲಿಯಿಲ್ಲ, ಗಾಜಿಲ್ಲ, ಬಾಗಿಲೂ ಇಲ್ಲ. ಹಳೇ ಪೆಟ್ಟಿಗೆಗಳ ಹಲಗೆ ಬಡಿದು ಮಾಡಿದ್ದು. ದಾಕ್ಷಾಯಿಣಿ ಕೂರಲೇ ಇಲ್ಲ. ಒಂದು ಪುಸ್ತಕ ತೆಗೆದಳು, ಬೆನ್ನು ಸಡಿಲಾಗಿತ್ತು. ಇನ್ನೊಂದು ತೆಗೆದಳು, ಅಂಚೆಲ್ಲ ಮಾಸಿತ್ತು, ನಡುವೆ ಜೋಳದ ಹಿಟ್ಟಿನ ಬೆರಳಚ್ಚು. ಪ್ರತಿಯೊಂದರಲ್ಲೂ ಗುರುತಿಗೆಂದು ಹಳದಿ ಕಾಗದದ ಪಟ್ಟಿ, ಮೋಟಾರಿನ ತಂತಿಯ ಅಡಿಗೆ ಹಾಕುವ ಕಾಗದ. ಹಾಗಿದ್ದರೆ ಓದುವವನು ಅವನೇ, ಅನುಮಾನವೇ ಇಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದದ್ದೂ ಕಂಡಿತು. ಒಂದು ಕಡೆ, 'ಸುಳ್ಳ. ಕಾರ್ತೀಕದಾಗ ಹಿಂಗಾರಿ ಜ್ವಾಳಾ ಕೊಯ್ಯೂದುಲ್ಲ.' ಇನ್ನೊಂದು ಕಡೆ, 'ಇಂವಗ ಎರಡ ಬಿಟ್ರ ಶುದ್ಧ ಆಗ್ತಾನ.' ಮತ್ತೊಂದು ಕಡೆ ಬರೀ, 'ಅಳೂ ಬಂತು.' ತಾನು ನಕ್ಕಲ್ಲಿ ನಕ್ಕಿದ್ದಾನೆ, ತಾನು ಅತ್ತಲ್ಲಿ ಅತ್ತಿದ್ದಾನೆ. ಅಲ್ಲ, ಇಂಥವನನ್ನು ಇಟ್ಟುಕೊಂಡು ದೇವರು ಇಷ್ಟು ದಿನ ಆ ಕೀಲಿ ಕಳೆದವನನ್ನೆಲ್ಲ ಯಾಕೆ ತೋರಿಸಿದ? ಕಾಕಾನನ್ನು ಕೂಗಿ ಹೌದು ಎಂದುಬಿಡಲೇ ಎನ್ನುವಷ್ಟು ಅವಸರವಾಯಿತು.

ಅಷ್ಟರಲ್ಲಿ ಸೋಮಶೇಖರನೇ ಕೈ ತೊಳೆದುಕೊಂಡು ಬಂದ. ಅವ್ವ ಕಳಿಸಿದ್ದಳು, ಇಬ್ಬರೂ ನಾಲ್ಕು ಮಾತಾಡಲಿ ಎಂದು.

"ಆ ಕಾರ್ತೀಕದ ಜ್ವಾಳದ ಮಾತು ಖರೇನ ಐತ್ರಿ" ಎಂದಳು ದಾಕ್ಷಾಯಿಣಿ, ನಗು ತಡೆಯಲಾರದೆ. "ನಾನೂ ಓದೂವಾಗ ಹಂಗ ಅನಕೊಂಡಿದ್ನಿ."

"ಯಾವ ಜ್ವಾಳಾರಿ?"

"ನೀವು ಇಲ್ಲೆ ಬರದೀರಲ್ಲ."

ಸೋಮಶೇಖರ ಬಗ್ಗಿ ನೋಡಿದ. "ನಾ ಅಲ್ರಿ. ಇವು ನಮ್ಮವ್ವನ್ವು. ನನಗ ಬುಕ್ಕ ಹಿಡದ ನಾಕ ಸಾಲಿಗೆ ನಿದ್ದಿ ಬರ್ತೈತಿ."

ದಾಕ್ಷಾಯಿಣಿಗೆ ಮುಖದ ಮೇಲೆ ತಣ್ಣೀರು ಎರಚಿದಂತಾಯಿತು. ಆ ಖಂಡೆಪ್ಪ ಕೈಗೆ ಸಿಕ್ಕರೆ ಅವನಿಗೂ ಎರಡು ಬಿಡಬೇಕು ಎನ್ನಿಸಿತು. "ಹುಡುಗಗ ಓದೂ ಹುಚ್ಚ ಅಂತ ಹೇಳ್ಯಾರ" ಎಂದಳು, ಸಿಟ್ಟು ಮುಚ್ಚಿಡದೆ.

"ನಾ ಹಂಗ ಹೇಳಿಲ್ರಿ. ಅವ್ವಗ ಬುಕ್ಕ ತಂದ ಕೊಡ್ತೇನಿ, ಕಪಾಟ ಮಾಡಿ ಕೊಟ್ಟೇನಿ, ಅಷ್ಟ." ಓರೆಯಾಗಿದ್ದ ಒಂದು ಪುಸ್ತಕವನ್ನು ನೆಟ್ಟಗೆ ಮಾಡುತ್ತ ಹೇಳಿದ, "ಆದ್ರ ಇವೆಲ್ಲಾ ಕಥಿ ನನಗ ಗೊತ್ತಾವ್ರಿ. ರೊಟ್ಟಿ ಬಡಿಯಾಕತ್ತಾಗ ಅವ್ವ ಹೇಳ್ತಾಳ, ನಾ ಒಲಿ ಮುಂದ ಕುಂತ ಕೇಳ್ತೇನಿ. ಯಾವದಾರ ಕೇಳ್ರಿ."

ಪರೀಕ್ಷೆ ಮಾಡಿಯೇಬಿಡುವ ಹಟಕ್ಕೆ ಬಿದ್ದ ದಾಕ್ಷಾಯಿಣಿ ಮೇಲಿನ ಹಲಗೆಯಿಂದ ಒಂದು ಕಾದಂಬರಿ ಎಳೆದಳು. ಒಂಟಿ ಹೆಂಗಸೊಬ್ಬಳು ಬಾವಿ ತೋಡುವ ಕಥೆ. ಹಿಂದೆ ಅದನ್ನು ಓದಿ ದಾಕ್ಷಾಯಿಣಿ ಎರಡು ದಿನ ಊಟ ಬಿಟ್ಟಿದ್ದಳು.

ಸೋಮಶೇಖರ ಶುರು ಮಾಡಿದ ನೋಡಿ! ಐದು ಮಾತಿನ ಆಸಾಮಿ ಎಲ್ಲಿ ಹೋದನೋ. "ಊರಾನ ಮಂದಿ ಆಕಿಗೆ ನೀರ ಕೊಡೂದುಲ್ರಿ. ಕೊಡಬ್ಯಾಡ್ರಿ, ನಾ ತೋಡತೇನಿ ಅಂತ ಗುದ್ದಲಿ ಹಿಡೀತಾಳ. ಏಳ ವರ್ಷ!" ಎನ್ನುತ್ತ ಗುದ್ದಲಿ ಎತ್ತಿದಂತೆ ಕೈ ಎತ್ತಿದ. ನಗುವ ಗೌಡನ ದನಿ ತೆಗೆದ, ಗೊಣಗುವ ಮುದುಕಿಯ ದನಿ ತೆಗೆದ, ಹಾಸುಗಲ್ಲು ಸಿಕ್ಕ ದಿನ ಆ ಹೆಂಗಸು ಬಾವಿಯ ತಳದಲ್ಲಿ ಕೂತು ಬೈದ ಬೈಗುಳವನ್ನೂ ಬಿಡಲಿಲ್ಲ. ದಾಕ್ಷಾಯಿಣಿ ಸಿಟ್ಟು ಮರೆತು ಬಾಯಿ ತೆರೆದು ಕೇಳುತ್ತಿದ್ದಳು. ಓದಿದ ಕಥೆಯೇ, ಆದರೂ ಮುಂದೇನು ಮುಂದೇನು ಎಂದು ಜೀವ ತುದಿಗಾಲಲ್ಲಿ ನಿಂತಿತ್ತು.

"ಕಡೀಕ ಹಾಸುಗಲ್ಲ ಒಡದ ಕೂಡ್ಲೆ ನೀರ ಬುಸ್ಸಂತ ಏಳತೈತ್ರಿ. ನಕ್ಕಿದ್ದ ಮಂದಿನ ಬಂದ ಕೈ ಮುಗೀತಾರ. ತಾವ ಮುಂದ ನಿಂತ ಐದ ಎಚ್‌ಪಿ ಮೋಟಾರ ಕುಂಡ್ರಿಸಿ, ಆಕಿ ಕೈಲೆನ ಬಟನ್ ಒತ್ತಸ್ತಾರ."

ದಾಕ್ಷಾಯಿಣಿ ಗೊಂದಲಕ್ಕೆ ಬಿದ್ದಳು. ಮೋಟಾರೆಲ್ಲಿಂದ ಬಂತು? ಅದು ಚಿಮಣಿ ದೀಪದ ಕಾಲದ ಕಥೆ, ಇಡೀ ಪುಸ್ತಕದಲ್ಲಿ ಒಂದು ವಿದ್ಯುತ್ ಕಂಬವೂ ಇಲ್ಲ. ನೀರೂ ಏಳುವುದಿಲ್ಲ. ಕಡೆಯ ಪುಟದಲ್ಲಿ ಬಾವಿಯ ದಂಡೆ ಕುಸಿದು ಆ ಹೆಂಗಸು ಒಳಗೇ ಮುಗಿದು ಹೋಗುತ್ತಾಳೆ. ತಾನೇ ತಪ್ಪು ನೆನಪಿಟ್ಟುಕೊಂಡಿದ್ದೇನೆಯೇ ಎಂದು ಅವಸರದಿಂದ ಕಡೆಯ ಪುಟ ತೆಗೆದಳು. ದಂಡೆ ಕುಸಿದೇ ಇತ್ತು. ಅದರ ಕೆಳಗೆ ಪೆನ್ಸಿಲ್ಲಿನ ಅದೇ ದುಂಡು ಅಕ್ಷರ: 'ಇದನ್ನ ಸೋಮೂಗ ಹಿಂಗ ಹೇಳಬಾರದು. ಅವರಪ್ಪ ಬಾವಿ ತೋಡೂವಾಗನ ಹ್ವಾದದ್ದು.'

ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಬಡಿಯುತ್ತಲೇ ಬಾವಿಗೆ ನೀರು ತರಿಸಿ, ಸಾಲದ್ದಕ್ಕೆ ಮಗನ ಕಸುಬಿನ ಮೋಟಾರನ್ನೂ ಕೂರಿಸಿದ ತಾಯಿ ಕಣ್ಣಿಗೆ ಕಟ್ಟಿದಂತಾಯಿತು.

"ಹಂಗ ಐತಿಲ್ರಿ ಕಡೀಕ?" ಸೋಮಶೇಖರ ಕೇಳಿದ. "ನೀವು ಓದೀರಿ. ಅವ್ವ ಒಮ್ಮೊಮ್ಮೆ ಮರೀತಾಳೇನೋ ಅಂತ ನನಗ ಸಂಶೆ ಐತಿ. ಆಕಿ ಬದುಕ್ತಾಳಲ್ರಿ?"

ಸಾವಂತ್ರೆವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದಳು. ಹುಡುಗಿಯ ಕೈಯಲ್ಲಿದ್ದ ಪುಸ್ತಕ ಯಾವುದು, ತೆರೆದ ಪುಟ ಯಾವುದು ಎಂದು ಅವಳಿಗೆ ಕಂಡಿತು. ಒಳಗಿಡಲು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದಳು. ಮಗ ಅವಳಿಗೆ ಬೆನ್ನು ಮಾಡಿ ನಿಂತಿದ್ದ.

ದಾಕ್ಷಾಯಿಣಿ ಪುಸ್ತಕ ಮುಚ್ಚಿದಳು.

"ಬದುಕ್ತಾಳ್ರಿ. ಐದ ಎಚ್‌ಪಿ ಮೋಟಾರ, ನಿಮ್ಮವ್ವ ಹೇಳಿದಂಗ ಐತಿ." ಬಾಗಿಲಿಗೆ ಹೋಗಿ ಸಾವಂತ್ರೆವ್ವನ ಕೈಯಿಂದ ತಟ್ಟೆ ಇಸಿದುಕೊಂಡಳು. "ಕೊಡ್ರಿ ಅತ್ತಿ, ನಾ ಹಿಡೀತೇನಿ. ನೀವು ಕುಂಡ್ರಿ."

ಅಂಗಡಿಯಲ್ಲಿ ಬೋರಿನ ಕಥೆ ಮುಗಿಸಿ ಒಳಗೆ ಕಾಲಿಟ್ಟಿದ್ದ ದುಂಡಪ್ಪ ಕಾಕಾ ಅಲ್ಲೇ ನಿಂತ.

"ಏನಂತ ಕರದಿ ದಾಕ್ಷಾ ಅವರ್ನ?"

"ಅತ್ತಿ ಅಂದ್ನಿ ಕಾಕಾ."