ತಂಗಿ ಬೇಡವೆಂದ ಫೋಟೋ

ಹೆರಿಗೆ ವಾರ್ಡಿನ ನರ್ಸು ಹೊಟ್ಟೆಬಟ್ಟೆ ಕಟ್ಟಿ, ದುಡ್ಡು ಕೂಡಿಸಿ ಕೊಂಡ ಕ್ಯಾಮೆರಾ ಅದು. ಕೋಟಿನ ಜೇಬಿನಲ್ಲಿ ಕೂರುವಷ್ಟು ಪುಟ್ಟದು. “ಇಷ್ಟು ದುಡ್ಡು ಕೊಟ್ಟು ಜೂಮೂ ಇಲ್ಲದ ಸೋಪಿನ ಡಬ್ಬಿ ತಂದಿದ್ದೀರಲ್ಲ ಸಿಸ್ಟರ್” ಎಂದು ಆಯಾ ನಕ್ಕಿದ್ದಳು. ನಿಜವೇ. ಲೆನ್ಸು ಬದಲಿಸುವಂತಿಲ್ಲ, ದೂರದ್ದನ್ನು ಹತ್ತಿರ ಎಳೆಯುವಂತಿಲ್ಲ. ಬೇಕಾದರೆ ತಾನೇ ಹತ್ತಿರ ಹೋಗಬೇಕು. ಆದರೆ ಕಿಟಕಿಯ ಮಂದ ಬೆಳಕೇ ಅದಕ್ಕೆ ಸಾಕು, ಫ್ಲ್ಯಾಶ್ ಬೇಡ. ಒತ್ತಿದರೆ ಸದ್ದೂ ಬಾರದು. ಅವಳಿಗೆ ಬೇಕಾಗಿದ್ದದ್ದು ಅದೇ. ಹೊಟ್ಟೆಯಲ್ಲೇ ಜೀವ ಹೋದ ಮಕ್ಕಳನ್ನು ಒರೆಸಿ, ಬಟ್ಟೆ ಸುತ್ತಿ, ಹೆತ್ತವರು ಒಪ್ಪಿದರೆ ಒಂದು ಫೋಟೋ ತೆಗೆದುಕೊಡುತ್ತಿದ್ದಳು. ಒಪ್ಪದಿದ್ದರೆ ಇಲ್ಲ. ಅದು ಆಸ್ಪತ್ರೆಯ ನಿಯಮ, ಅವಳದ್ದೂ.

ಆರು ವರ್ಷ ಹೀಗೆ ನಡೆಯಿತು. ಏಳನೆಯ ವರ್ಷ ಅದೇ ವಾರ್ಡಿನ ಮೂಲೆಯ ಮಂಚಕ್ಕೆ ಅವಳ ಸ್ವಂತ ತಂಗಿ ಬಂದಳು. ತುಂಬಿದ ಒಂಬತ್ತು ತಿಂಗಳು. ಬೆಳಿಗ್ಗೆಯಿಂದ ಮಗು ಮಿಸುಕಿಲ್ಲ ಎಂದಳು. ಮರುದಿನ ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ.

ಮಗುವನ್ನು ಅಕ್ಕನೇ ಒರೆಸಿದಳು. ಮಂಚದ ಬಳಿ ತಂದು, “ನೋಡ್ತೀಯೇನೇ?” ಎಂದಳು.

ತಂಗಿ ಗೋಡೆಯ ಕಡೆ ತಿರುಗಿದಳು. “ನೋಡಿದ್ರೆ ನಾನು ಉಳಿಯಲ್ಲ ಅಕ್ಕ. ತಗೊಂಡು ಹೋಗು.”

“ಒಂದು ಫೋಟೋ ಆದ್ರೂ...”

“ಬೇಡ ಅಂದ್ನಲ್ಲ.”

ಅಕ್ಕ ಮಗುವನ್ನು ಹೊರಗೆ ಒಯ್ದಳು.

ಐದು ತಿಂಗಳಾದ ಮೇಲೆ ಒಂದು ಭಾನುವಾರ ತಂಗಿ ಅಕ್ಕನ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಕೇಳಿದಳು, “ಎಲ್ಲಿಟ್ಟಿದ್ದೀಯ?”

“ಏನನ್ನ?”

“ಪಾಪುದು ಫೋಟೋ. ಈಗ ನೋಡ್ತೀನಿ.”

“ನೀನೇ ಬೇಡ ಅಂದೆಯಲ್ಲೇ.”

“ಅಂದೆ. ಚಿಕ್ಕಂದಿನಿಂದ ನನ್ನ ಮಾತು ಯಾವತ್ತು ಕೇಳಿದ್ದೀಯ ನೀನು? ಊಟ ಬೇಡ ಅಂದ್ರೂ ಬಾಯಿಗೆ ತುರುಕಿದವಳು. ತೆಗೆದು ಎಲ್ಲೋ ಇಟ್ಟಿರ್ತೀಯ ಅಂತ, ಅದೊಂದನ್ನೇ ನಂಬ್ಕೊಂಡು ದಿನ ದೂಡಿದ್ದೀನಿ.”

ಅಕ್ಕ ಅಡುಗೆಮನೆಯ ಬಾಗಿಲಿಗೆ ಆತುಕೊಂಡಳು. ನಿಯಮದ ಮಾತೆತ್ತಿ ಪಾರಾಗಬಹುದಿತ್ತು. ಎತ್ತಲಿಲ್ಲ.

“ತೆಗೀಲಿಲ್ಲ ಕಣೇ. ಒರೆಸೋವಾಗ ಕೈ ಅದರ ಪಾಡಿಗೆ ಕೆಲಸ ಮಾಡ್ತು. ಕ್ಯಾಮೆರಾ ಹಿಡಿದ್ರೆ ಮುಖದ ಹತ್ತಿರಕ್ಕೆ ಹೋಗ್ಬೇಕು, ನೋಡ್ಲೇಬೇಕು. ಬೇರೆಯವರ ಮಕ್ಕಳನ್ನ ನೋಡಿದ್ದೀನಿ. ನಿನ್ನ ಮಗಳನ್ನ ನೋಡೋಕೆ ನನ್ನ ಕೈಲಾಗ್ತಿರ್ಲಿಲ್ಲ. ನೀನು ಬೇಡ ಅಂದಾಗ ಹೋದ ಜೀವ ಬಂದ ಹಾಗಾಯ್ತು.”

ತಂಗಿ ಬಿಟ್ಟ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಮೂರು ವಾರ ಫೋನ್ ಎತ್ತಲಿಲ್ಲ. ಅಕ್ಕ ದಿನವೂ ಕೆಲಸಕ್ಕೆ ಹೋದಳು. ಬೇಡವೆಂದವರನ್ನು ಈಗ ಸಂಜೆಯವರೆಗೆ ಕಾದು ಇನ್ನೊಮ್ಮೆ ಕೇಳುತ್ತಿದ್ದಳು. ಕೆಲವರು ಒಪ್ಪುತ್ತಿದ್ದರು.

ಆಮೇಲೊಂದು ದಿನ ತಂಗಿಯೇ ಫೋನ್ ಮಾಡಿದಳು. “ಕೂದಲಿತ್ತಾ?”

“ದಟ್ಟವಾಗಿತ್ತು. ಒರೆಸಿದ ಹಾಗೆಲ್ಲ ಸುರುಳಿ ಸುತ್ಕೋತಿತ್ತು.”

ಅಷ್ಟಕ್ಕೇ ತಂಗಿ ಫೋನ್ ಇಟ್ಟಳು. ಮುಂದಿನ ವಾರ ಮತ್ತೆ. “ಬೆರಳು?”

“ಉದ್ದ. ಉಗುರು ನನ್ನ ಗ್ಲೌಸಿಗೆ ಸಿಕ್ಕಿಕೊಳ್ತು.”

ಮೂರನೆಯ ಸಲ ಕೇಳಿದಳು, “ಗಲ್ಲದಲ್ಲಿ ಗುಳಿ ಇತ್ತಾ, ಅವಳಪ್ಪನ ಹಾಗೆ?”

ಹೂಂ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. “ಮುಖ ಸರಿಯಾಗಿ ನೋಡ್ಲಿಲ್ಲ ಕಣೇ.”



“ನಾನೂ ನೋಡ್ಲಿಲ್ಲ ಅಕ್ಕ,” ಎಂದಳು ತಂಗಿ.