ದೇವೇಂದ್ರನ ಹತ್ತು ಹಾಡು

ಎಡಗಡೆಯ ಸ್ಪೀಕರ್ ಮಾತ್ರ ಹಾಡುತ್ತಿದೆ, ಬಲಗಡೆಯದು ಯಾವತ್ತೋ ಸತ್ತಿರಬೇಕು, ಅದಕ್ಕೇ ಹಾರ್ಮೋನಿಯಂ ಇಷ್ಟು ಎದ್ದು ಕೇಳುತ್ತಿದೆ, ದೇವೇಂದ್ರನ ದನಿ ಬಾಗಿಲಾಚೆ ನಿಂತವನ ದನಿಯಂತೆ ಹಿಂದೆ ಸರಿದಿದೆ — ಸರಿಯಲಿ, ಅದಕ್ಕೆ ತಕ್ಕ ಜಾಗ ಅದೇ, ಎಂದುಕೊಂಡಳು ಶಾಲಿನಿ, ಮಂಜಯ್ಯನ ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಮಡಿಲಲ್ಲಿ ಸಭೆಯಲ್ಲಿ ಹೊದಿಸಿದ ಶಾಲು, ಶಾಲಿನೊಳಗೆ ಯಾರೋ ಕೈಗಿತ್ತ ಸೇಬು, ಚಿಕ್ಕಮಗಳೂರು ಹಿಂದೆ ಬಿದ್ದು ಆಲ್ದೂರು ಬಂತು, ಇನ್ನು ಬಾಳೆಹೊನ್ನೂರು, ಮಾಗುಂಡಿ, ಕಳಸ, ಆಮೇಲೆ ಸಂಸೆ, ಮನೆ, ಅಷ್ಟರೊಳಗೆ ಈ ಹತ್ತು ಹಾಡು ಎಷ್ಟು ಸಲ ಮುಗಿದು ಎಷ್ಟು ಸಲ ಶುರುವಾಗುತ್ತದೋ. ಮಂಜಯ್ಯನಿಗೆ ಬಿಟ್ಟಿ ಸಿಕ್ಕ ಪೆನ್ ಡ್ರೈವ್, ಅದರ ಮೈಮೇಲೆ ಉಗುರಗಲದ ದೇವೇಂದ್ರನ ಮುಖ, ಕೆಳಗೆ ‘ದೇವೇಂದ್ರ ಹಾಡಿದ ಹತ್ತು’, ಜೀವಮಾನವಿಡೀ ಹಾಡಿದ ಗಾಯಕನಿಗೆ ಇವತ್ತು ಊರು ಸೇರಿ ಪೇಟ ತೊಡಿಸಿ, ಕೊನೆಗೆ ಉಳಿಸಿಕೊಂಡದ್ದು ಇಷ್ಟು, ಜೇಬಿನಲ್ಲಿ ಕಳೆದುಹೋಗುವಷ್ಟು. ಮಂಜಯ್ಯ ಗೇರ್ ಬದಲಿಸುತ್ತಾನೆ, ಅಲ್ಲ ಶಾಲಿನಕ್ಕ, ನಾನೊಂದು ಮಾತು ಹೇಳ್ತೀನಿ, ಇದೊಂದಿದ್ರೆ ಸಾಕು ನೋಡಿ, ಈ ಮನುಷ್ಯಂದು ಬೇರೆ ಎಂಥದೂ ಬೇಡ. ಸಾಕು ಮಂಜಯ್ಯ, ಅಂದಳು. ಸಾಕು, ಆ ಮಾತು ಒಬ್ಬ ಸಾಮಾನ್ಯ ಕೇಳುಗನ ಬಾಯಿಂದ ಬರಲಿ ಎಂದೇ ಅಲ್ಲವೇ ಅವಳು ಇಷ್ಟು ದಿನ ಕಾದದ್ದು, ಕೆಲವರ ಹಾಡು ಪೂರ್ತಿ ಬೇಕು, ತಪ್ಪಿದ್ದು, ಗಂಟಲು ಕಟ್ಟಿದ್ದು, ವಯಸ್ಸಾಗಿ ನಡುಗಿದ್ದು ಎಲ್ಲ ಬೇಕು, ಅಂಥವರನ್ನು ಆರಿಸಲು ಕೂತರೆ ಕೈ ಬರುವುದಿಲ್ಲ, ಇನ್ನು ಕೆಲವರು ಹಲಸಿನ ಹಣ್ಣಿನ ಹಾಗೆ, ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಿಕೊಳ್ಳಬೇಕು, ಉಳಿದದ್ದನ್ನು ದನದ ಮುಂದೆ ಸುರಿಯಬೇಕು. ಈ ಹತ್ತು ತೊಳೆ ಬಿಡಿಸಿದಳು. ಸುರಿದಳು.

ಹಾರ್ಮೋನಿಯಂ ಅಪ್ಪ ಕೊಟ್ಟದ್ದು, ಗುರುವಯ್ಯನವರು ಕಾಫಿ ಮಾರಿದ ವರ್ಷ ಮಗಳಿಗೆಂದು ತಂದದ್ದು, ಆ ಪೆಟ್ಟಿಗೆಯ ಸದ್ದಿಗೇ ಅವನು ಬಂದದ್ದು, ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ತಿಮ್ಮಮ್ಮನ ಮಗ, ತಾಯಿ ಕಾಫಿ ಹಣ್ಣು ಕುಯ್ಯುವವಳು, ಮಗ ಜಗಲಿ ಕಂಬ ಹಿಡಿದು ನಿಂತು ಕಣ್ಣು ಮುಚ್ಚಿ ಹಾಡುತ್ತಿದ್ದ, ಒಳಗೆ ಬಾರೋ ಅಂದರೆ ಇಲ್ಲೇ ಇರ್ತೀನಿ ಅಯ್ಯಾ ಅನ್ನುತ್ತಿದ್ದ, ಅಪ್ಪನೇ ರಟ್ಟೆ ಹಿಡಿದು ಚಾಪೆಯ ಮೇಲೆ ಕೂರಿಸಿದರು. ಎಂಥ ದನಿ ಅದು, ಸುಳ್ಳು ಯಾಕೆ ಹೇಳಬೇಕು, ದನಿ ಇತ್ತು, ದನಿಯೊಂದೇ ಇತ್ತು, ಅದಕ್ಕೆ ಹೋಗುವ ದಾರಿ ಗೊತ್ತಿರಲಿಲ್ಲ, ದಾರಿ ಹಾಕಿದವಳು ಅವಳು, ಒಂದೊಂದು ರಾಗವನ್ನೂ ಅವನ ಗಂಟಲಿನ ಅಳತೆಗೆ ಹೊಲಿದವಳು, ಅವನ ಮೇಲಿನ ಷಡ್ಜ ಎಲ್ಲಿ ಒಡೆಯುತ್ತದೆಂದು ತಿಳಿದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೇ ತಿರುವು ಕೊಟ್ಟವಳು. ಮದುವೆಮನೆ, ಗಣಪತಿ ಪೆಂಡಾಲು, ಹೊರನಾಡಿನ ಛತ್ರ, ಮೂಡಿಗೆರೆಯ ಹೈಸ್ಕೂಲು ಮೈದಾನ, ಎಲ್ಲ ಕಡೆ ಅವನು ನಿಂತ, ಅವಳು ಕೂತಳು. ಆಮೇಲೆ ಆ ಮೊದಲ ಕ್ಯಾಸೆಟ್ಟು, ಚಿಕ್ಕಮಗಳೂರಿನ ಹೋಟೆಲಿನಲ್ಲಿ ಊಟದ ಮೇಜಿನ ಮೇಲೆ ಅದರ ಹೊದಿಕೆಯ ಚಿತ್ರ ಇಟ್ಟಿದ್ದರು, ಗಾಯನ ದೇವೇಂದ್ರ, ರಾಗ ಸಂಯೋಜನೆ ದೇವೇಂದ್ರ, ಅವಳು ಮೆಲ್ಲಗೆ ಕೇಳಿದಳು, ನನ್ನ ಹೆಸರು? — ಅಯ್ಯೋ, ಪೆಟ್ಟಿಗೆ ಒತ್ತೋರಿಗೆಲ್ಲ ಹೆಸರು ಹಾಕ್ತಾ ಹೋದ್ರೆ ನನ್ನ ಮುಖ ಎಲ್ಲಿ ಹಾಕೋದು ಮಾರಾಯ್ತಿ! ಅಂದ ದೇವೇಂದ್ರ. ತಬಲಾದವನು ನಕ್ಕ, ಕ್ಯಾಸೆಟ್ ಕಂಪನಿಯವನು ನಕ್ಕ, ಬಡಿಸುವವನು ಸಾಂಬಾರಿನ ಬಕೆಟ್ ಹಿಡಿದು ನಕ್ಕ. ಅವಳೂ ನಕ್ಕಳು. ಅವರು ನಕ್ಕದ್ದನ್ನು ಎಂದೋ ಮರೆಯಬಹುದಿತ್ತು, ತಾನು ನಕ್ಕದ್ದು — ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ, ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಆದರೂ ಜೊತೆಗೇ ಇದ್ದಳು, ಮೂರ್ಖಳು, ಅವನು ರೇಡಿಯೋದಲ್ಲಿ ಮಾತಾಡುವವರೆಗೂ, ಈ ರಾಗಗಳೆಲ್ಲ ಹೇಗೆ ಹುಟ್ಟಿದವು ಸಾರ್ ಎಂದು ಕೇಳಿದ್ದಕ್ಕೆ, ಹಂಗೇ ತೋಟದಲ್ಲಿ ಓಡಾಡ್ತಾ ಇರ್ತೀನಲ್ಲ, ತಾನಾಗೇ ಬರ್ತವೆ ಅಂದ. ತಾನಾಗೇ! ಅವತ್ತು ಪೆಟ್ಟಿಗೆ ಮುಚ್ಚಿದಳು, ಅವನ ಫೋನ್ ಎತ್ತಲಿಲ್ಲ, ಮನೆಗೆ ಬಂದಾಗ ಒಳಗಿದ್ದುಕೊಂಡೇ ಅಪ್ಪನ ಕೈಲಿ ಇಲ್ಲ ಅನ್ನಿಸಿದಳು, ಅಂಗಳದಲ್ಲಿ ಅವನು ಚಪ್ಪಲಿ ಮೆಟ್ಟುವ ಸದ್ದು ಕೇಳುತ್ತಿತ್ತು. ಹೋಗು, ತೋಟದಲ್ಲಿ ಓಡಾಡು, ಬರ್ತವೆ. ಬಂದವು, ವರ್ಷಕ್ಕೊಂದು ಕ್ಯಾಸೆಟ್ಟು, ಆಮೇಲೆ ಸಿಡಿ, ಆಮೇಲೆ ಯೂಟ್ಯೂಬ್, ಕೀಬೋರ್ಡಿನ ಗದ್ದಲದಲ್ಲಿ ಹೂತುಹೋದ ಹಾಡುಗಳು, ಕಳಸದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಕೇಳಿಸಿದಾಗ ಅವಳು ಟೊಮೆಟೊ ಆರಿಸುತ್ತಿದ್ದಳು, ಹಾಡು ಮುಗಿಯುವವರೆಗೂ ಆರಿಸುತ್ತಲೇ ಇದ್ದಳು, ಅಷ್ಟು ಖುಷಿ.

ಬಾಳೆಹೊನ್ನೂರಿನ ಸೇತುವೆ, ಕೆಳಗೆ ಭದ್ರೆ ಕಪ್ಪಗೆ, ಇನ್ನೂ ಸ್ವಲ್ಪ ಬೆಳಕಿದೆ. ಮಲ್ಲಿಕಾರ್ಜುನ ಅವ್ರು ಫೋನ್ ಮಾಡಿದ್ದು ಕುಯ್ಲು ಮುಗಿದ ಮೇಲೆ, ಮೂಡಿಗೆರೆ ಕಡೆಯ ದೊಡ್ಡ ಪ್ಲಾಂಟರು, ಸನ್ಮಾನ ಸಮಿತಿಯ ಅಧ್ಯಕ್ಷರು, ಇಷ್ಟೊಂದು ಹಾಡುಗಳಿವೆ ಶಾಲಿನಿ ಅವ್ರೇ, ಯಾರು ಕೇಳ್ತಾರೆ, ಒಂದು ಹತ್ತು ಆರಿಸ್ಕೊಡಿ, ದೇವೇಂದ್ರ ಅವ್ರೇ ಹೇಳಿದ್ರು, ಶಾಲಿನಿ ಹತ್ರಾನೇ ಕೇಳಿ ಅಂತ, ಅವಳ ಕಿವಿ ಸುಳ್ಳು ಹೇಳಲ್ಲ ಅಂತ. ಅವನೇ ಹೇಳಿದನಂತೆ! ಕುರಿಯೇ ಕತ್ತಿ ತಂದುಕೊಟ್ಟಂತೆ. ಒಪ್ಪಿದಳು, ಕವರ್ ಮೇಲೆ ರಾಗ ಸಂಯೋಜನೆ ನನ್ನದು ಅಂತ ಹಾಕ್ಬೇಕು ಅಂದಳು, ಆಯ್ತು ಅಂದರು, ಪೆನ್ ಡ್ರೈವಿನ ಕವರಿನ ಹಿಂದೆ ಸಣ್ಣದಾಗಿ ಹಾಕಿದರು ಕೂಡ. ಎಲ್ಲವನ್ನೂ ಕೇಳಿದಳು, ಒಲೆ ಮುಂದೆ, ಒಣಗಿದ ಬಟ್ಟೆ ಮಡಿಸುತ್ತ, ಕಾಯಿ ತುರಿಯುತ್ತ, ಒಳ್ಳೆಯವು ಅಂದರೆ ಒಳ್ಳೆಯವೇ, ಒಂಬತ್ತು, ಒಂಬತ್ತೂ ಅವಳವು, ಕುಣಿಯಬೇಕೆನ್ನಿಸಿತ್ತು. ಆಮೇಲೆ ಅದು ಬಂತು. ‘ಬಿಸಿನೀರು ಕಾದಿದೆ ಬಾ’, ಅವನದೇ ಹಾಡು. ತಾಯಿ ತಿಮ್ಮಮ್ಮ ತೀರಿಕೊಂಡ ವರ್ಷದ್ದು, ಹಿಂದೆ ತಬಲವಿಲ್ಲ, ಕೀಬೋರ್ಡಿಲ್ಲ, ಸಂಜೆ ಮಗನನ್ನು ಸ್ನಾನಕ್ಕೆ ಕರೆಯುವ ತಾಯಿ, ಹಂಡೆಯಲ್ಲಿ ನೀರು ಕಾದಿದೆ ಬಾ, ಸೌದೆ ಮುಗಿಯುವ ಮುಂಚೆ ಬಾ, ಮೂರೇ ಸ್ವರ, ಮೂರೇ ಸ್ವರದಲ್ಲಿ ಹೋಗಿ ಬರುತ್ತದೆ, ಕರೆಯುವವರು ಹೀಗೇ ಅಲ್ಲವೇ ಕರೆಯುವುದು, ಅವಳಾಗಿದ್ದರೆ ನಾಲ್ಕನೆಯದೊಂದನ್ನು ಸೇರಿಸಿ ಕೆಡಿಸುತ್ತಿದ್ದಳು. ಕಾಯಿ ತುರಿಯುವ ಕೈ ನಿಂತಿತು. ಮತ್ತೆ ಹಾಕಿದಳು. ಮತ್ತೆ. ಈಳಿಗೆಮಣೆಯ ಮೇಲೆ ಕೂತೇ ಅತ್ತಳು, ಮೊದಲು ಆ ತಾಯಿಗಾಗಿ, ಆಮೇಲೆ ಸಿಟ್ಟಿಗೆ, ಯಾಕೆಂದರೆ ಇದನ್ನು ಅವಳು ಮಾಡಿಲ್ಲ, ಇದು ನಿಜಕ್ಕೂ ತಾನಾಗೇ ಬಂದದ್ದು, ಈ ಹತ್ತನೆಯದು ಒಂಬತ್ತರ ಪಕ್ಕ ಕೂತರೆ ಒಂಬತ್ತೂ ಹೊಲಿದ ಬಟ್ಟೆಯಂತೆ ಕಾಣುತ್ತವೆ, ಇದು ಚರ್ಮ. ಹಾಕಲೇಬೇಕು ಅಂದಿತು ಕಿವಿ. ಬೇಡ ಅಂದಿತು, ಯಾವುದು, ಹಲ್ಲಿನ ಸಂದಿಯ ಆ ನಾರು ಅಂದಿತು. ಹತ್ತನೆಯದಾಗಿ ತನ್ನದೇ ಒಂದು ಸಪ್ಪೆ ಹಾಡನ್ನು ಹಾಕಿದಳು, ಶಾಲೆಯೊಂದರ ವಾರ್ಷಿಕೋತ್ಸವಕ್ಕೆಂದು ಅವಸರದಲ್ಲಿ ಮಾಡಿಕೊಟ್ಟದ್ದು, ಈಗ ಅದೇ ಬರುತ್ತಿದೆ ಸ್ಪೀಕರಿನಲ್ಲಿ, ಮಂಜಯ್ಯ ಸ್ಟೇರಿಂಗಿನ ಮೇಲೆ ತಾಳ ಹಾಕುವುದನ್ನು ನಿಲ್ಲಿಸಿದ್ದಾನೆ, ಇದೊಂದು ಸ್ವಲ್ಪ ಡಲ್ಲು ಅಲ್ವಾ ಅಕ್ಕ. ಮುಂದೆ ನೋಡಿ ಓಡಿಸು ಮಂಜಯ್ಯ.

ಹತ್ತು ಸಾಕು, ಹತ್ತೂ ನನ್ನವು, ಅವನಿಗೆ ಉಳಿದದ್ದು ಬರೀ ಗಂಟಲು, ಅದನ್ನೇ ಇವತ್ತು ಸಭೆಯಲ್ಲಿ ಎದ್ದು ನಿಂತು ಹೇಳಬೇಕೆಂದಿದ್ದಳು, ಮಾತು ಕೂಡಿಸಿಟ್ಟುಕೊಂಡಿದ್ದಳು, ಪೆಟ್ಟಿಗೆ ಒತ್ತಿದವಳ ಎರಡು ಮಾತು ಎಂದು ಶುರುಮಾಡುವುದಿತ್ತು. ಅವನು ಬಿಡಲಿಲ್ಲ. ಪೇಟ ಓರೆಯಾಗಿತ್ತು, ಮೈಕ್ ಕೈಗೆ ತೆಗೆದುಕೊಂಡ, ಹಾಡುವ ದನಿ ಹೋಗಿ ಯಾವ ಕಾಲವಾಯಿತೋ, ಈ ಹತ್ತೂ ಶಾಲಿನಿ ಅವ್ರು ಮಾಡಿದ್ದು, ಅವತ್ತು ನಾನು ಹೆಸರು ಹಾಕ್ಲಿಲ್ಲ, ಕೇಳಿದ್ದಕ್ಕೆ ನಗಾಡಿದ್ದೆ, ಎಂದುಬಿಟ್ಟ, ಅಷ್ಟು ಜನರೆದುರು, ಜನ ತಿರುಗಿ ನೋಡಿದರು, ಚಪ್ಪಾಳೆ, ಶಾಲು, ಸೇಬು, ಅವಳ ಮಾತು ಬಾಯೊಳಗೇ ಹುಳಿಯಾಯಿತು. ಕಳ್ಳ, ಅದನ್ನೂ ಕಿತ್ತುಕೊಂಡ, ತಾನೇ ಹೇಳಿ ದೊಡ್ಡವನಾದ. ಆಮೇಲೆ ಸಭಾಂಗಣದ ಹಿಂದೆ, ಎಲ್ಲರೂ ಕೇಸರಿಬಾತಿನ ತಟ್ಟೆ ಹಿಡಿದು ನಿಂತಾಗ ಬಂದ, ಮೊದಲು ಅಪ್ಪನ ವಿಷಯ ಮಾತಾಡಿದ, ಅಯ್ಯನವರು ಕೈ ಹಿಡಿದು ಕೂರಿಸಿದ್ರು ಅಂದ, ಅವಳು ತಟ್ಟೆ ನೋಡುತ್ತಿದ್ದಳು. ಶಾಲಿನಿ, ಒಂದು ಕೇಳ್ಲಾ, ಅದೊಂದಿತ್ತಲ್ಲ, ನಮ್ಮಮ್ಮಂದು, ಬಿಸಿನೀರು... ಅದು ಹತ್ತರಲ್ಲಿ ಬರಲಿಲ್ಲ ಅಂದ. ಕೇಳ್ದೆ ಅಂದಳು. ಚೆನ್ನಾಗಿಲ್ವಾ? ಆಗ ಹೇಳಬಹುದಿತ್ತು, ನೂರು ಮಾತಿದ್ದವು, ಜಾಗ ಇರ್ಲಿಲ್ಲ ಅನ್ನಬಹುದಿತ್ತು, ತಪ್ಪಿಹೋಯ್ತು ಅನ್ನಬಹುದಿತ್ತು, ಆ ಹೋಟೆಲು, ಆ ಮೇಜು, ಆ ನಗು ನಾಲಗೆಯ ತುದಿಗೆ ಬಂತು, ಅವನ ಕಣ್ಣನ್ನೇ ನೋಡಿ ಹೇಳಿದಳು, ಇಲ್ಲ, ಅದು ಹಾಡಾಗಿಲ್ಲ. ಹೊಡೆತ ಬಿತ್ತು, ಬಿದ್ದದ್ದು ಕಂಡಿತು, ಇಷ್ಟು ವರ್ಷ ಕಾದದ್ದಕ್ಕೆ ಅಷ್ಟು ಕಂಡರೆ ಸಾಕಲ್ಲ, ಇನ್ನೇನು, ಅವನು ವಾದ ಮಾಡಬೇಕಿತ್ತು, ನಿಂಗೆ ಹೊಟ್ಟೆಕಿಚ್ಚು ಅನ್ನಬೇಕಿತ್ತು, ಮುಖಕ್ಕೆ ಉಗಿಯಬೇಕಿತ್ತು, ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು — ಅವನು ತಲೆಯಾಡಿಸಿದ. ಒಂದೇ ಸಲ, ಮೆಲ್ಲಗೆ, ಕೆಳಕ್ಕೆ. ಹೌದಾ, ನೀನು ಹೇಳಿದ್ಮೇಲೆ ಸರಿ, ನಿನ್ನ ಕಿವಿ ಸುಳ್ಳು ಹೇಳಲ್ಲ. ನಂಬಿದ. ನಂಬಿ, ಆ ಹಾಡನ್ನು ಅಲ್ಲೇ ನಿಂತಲ್ಲೇ ತನ್ನೊಳಗಿನಿಂದ ತೆಗೆದು ಕೆಳಗಿಟ್ಟ, ಕಾಣುತ್ತಿತ್ತು ಇಟ್ಟದ್ದು, ಇನ್ನು ಎಂದೂ ಅದನ್ನು ಗುನುಗುವುದಿಲ್ಲ, ಒಬ್ಬನೇ ಇದ್ದಾಗಲೂ ಇಲ್ಲ. ಗೆದ್ದೆ, ಅಂದುಕೊಳ್ಳುತ್ತಾಳೆ. ಗೆದ್ದೆ ತಾನೆ. ಮಾಗುಂಡಿ ಕಳೆಯಿತು, ಮಂಜಯ್ಯ ಏನೋ ಕೇಳುತ್ತಿದ್ದಾನೆ, ಮೊದಲಿಂದ ಹಾಕ್ಲಾ ಅಕ್ಕ, ಹಾಕು, ಹಾರ್ಮೋನಿಯಂ, ಅವಳದೇ ರಾಗ, ಅವಳದೇ ತಿರುವು, ಪೇಟದ ಕೆಳಗೆ ನರೆತ ಹುಬ್ಬು, ಅವನು ತಲೆಯಾಡಿಸಿದ, ಹಾಡಿನ ಎರಡನೆಯ ಸಾಲು, ಎಂಥ ಚಂದ ಹೊಲಿದಿದ್ದೆ ಇದನ್ನು, ಎಂಥ ಚಂದ, ತಟ್ಟೆ ಹಿಡಿದೇ ತಲೆಯಾಡಿಸಿದ, ಕೇಸರಿಬಾತು ಹಾಗೇ ಇತ್ತು, ಒಂದೇ ಸಲ, ಮೆಲ್ಲಗೆ, ಕೆಳಕ್ಕೆ, ತಲೆಯಾಡಿಸಿದ